ಯೂನಿಯನ್ ಕಟ್ಟಿದರೆ ಕಾರ್ಟೆಲ್ ಆಗುತ್ತಾ?

ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಚೀಲದ ರೇಟು ಏರಿಸಿದವು ಅಂತ, ವ್ಯಾಪಾರದಲ್ಲಿ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 2012ರಲ್ಲಿ ದೊಡ್ಡ ದಂಡ ಹಾಕಿದ ಕಥೆಯನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಬೇರೆ ಬೇರೆ ಬಾಯಲ್ಲಿ. ಕಂಪನಿಗಳು ಹೀಗೆ ಸೇರಿ ಬೆಲೆ ಏರಿಸಿದರೆ ಅದು ಕಾರ್ಟೆಲ್, ತಪ್ಪು. ಸರಿ. ಕೆಲಸಗಾರರು ಸೇರಿ ಕೂಲಿ ಏರಿಸಿ ಅಂದರೆ? ಕೂಲಿಯೂ ಒಂದು ಬೆಲೆಯೇ ಅಲ್ವಾ? ಹಾಗಾಗಿ ಆಸ್ತಿ ಪಾಲು, ಚೆಕ್ ಬೌನ್ಸ್ ಪತ್ರಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು ಈ ಬಾರಿ ಇದಕ್ಕೇ ಕೂತಿದ್ದೇನೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದಾರೆ, ಆದ್ದರಿಂದ ಯಾರ ಹೆಸರೂ ಇಲ್ಲ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೂರು ಫ್ಯಾಕ್ಟರಿಯ ಹೆಂಗಸರು ಸೇರಿ ಯೂನಿಯನ್ ಮಾಡಿಕೊಂಡು ಸಂಬಳ ಮತ್ತು ವ್ಯಾನ್ ಬಗ್ಗೆ ಮಾತಾಡೋಣ ಅಂತ ಇದ್ದೇವೆ. ನಮ್ಮ ಎಚ್‌ಆರ್ ಸಾಹೇಬರು, ‘ಮೂರು ಕಂಪನಿಯವರು ಸೇರಿ ರೇಟು ಮಾತಾಡಿದರೆ ಅದು ಕಾರ್ಟೆಲ್, ಕೇಸ್ ಆಗುತ್ತೆ’ ಅಂದರು. ನಿಜವಾ? — ಬೆಂಗಳೂರು

ಉತ್ತರ: ಸುಳ್ಳು ಅಕ್ಕ. ಅವರು ಕಾರ್ಟೆಲ್ ಅನ್ನೋ ಪದವನ್ನು ಎಲ್ಲೋ ಕೇಳಿದ್ದಾರೆ, ಅಷ್ಟೇ.

ಸ್ಪರ್ಧಾ ಕಾಯ್ದೆ 2002ರದ್ದು. ಅದರ 3ನೇ ಸೆಕ್ಷನ್ ಹಿಡಿಯುವುದು ವ್ಯಾಪಾರ ಮಾಡುವವರು ಒಬ್ಬರಿಗೊಬ್ಬರು ಪೈಪೋಟಿ ಕೊಡೋದು ಬಿಟ್ಟು ಬೆಲೆ ಕಟ್ಟುವುದನ್ನು, ಮಾಲು ತಡೆಹಿಡಿಯುವುದನ್ನು, ಊರು ಹಂಚಿಕೊಳ್ಳುವುದನ್ನು, ಟೆಂಡರ್‌ನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನು. ನೀವು ಮೆಷಿನ್ ಮುಂದೆ ಕೂತು ಮಾಲೀಕ ಹೇಳಿದ ಹೊತ್ತಿಗೆ ಹೇಳಿದ ಕಾಲರ್ ಹೊಲಿಯುವವರು. ನಿಮಗೆ ಅಂಗಡಿ ಇಲ್ಲ, ಗಿರಾಕಿ ಇಲ್ಲ, ಲಾಭ ನಷ್ಟ ಇಲ್ಲ. ಸಂಬಳ ಕೇಳುವವರು ಮೂರು ಫ್ಯಾಕ್ಟರಿಯವರಾದರೂ ಅಷ್ಟೇ, ಮೂವತ್ತರವರಾದರೂ ಅಷ್ಟೇ.

ಈ ರಕ್ಷಣೆ ಯಾರೋ ದಯೆ ತೋರಿಸಿ ಕೊಟ್ಟಿದ್ದಲ್ಲ. 1918ರಲ್ಲಿ ಮದರಾಸಿನಲ್ಲಿ ಬಿ.ಪಿ. ವಾಡಿಯಾ ಅನ್ನುವವರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಅಲ್ಲಿನ ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳು ಬಿನ್ನಿ ಕಂಪನಿಯವು. ಹೌದು, ನಮ್ಮ ಬಿನ್ನಿಪೇಟೆಗೆ ಹೆಸರು ಕೊಟ್ಟ ಅದೇ ಬಿನ್ನಿ. ಜಗಳ ಜೋರಾದಾಗ ಕಂಪನಿ ವಾಡಿಯಾ ಅವರ ಮೇಲೆಯೇ ಹೈಕೋರ್ಟಿನಲ್ಲಿ ದಾವೆ ಹಾಕಿತು. ಕೆಲಸಗಾರರು ಕರಾರು ಮುರಿಯುವ ಹಾಗೆ ಇವರು ಕುಮ್ಮಕ್ಕು ಕೊಡುತ್ತಿದ್ದಾರೆ ಅನ್ನೋದು ದೂರು. ಕೋರ್ಟು ತಡೆಯಾಜ್ಞೆಯನ್ನೂ ಕೊಟ್ಟಿತು. ಯೂನಿಯನ್ ಕಟ್ಟಿದ್ದೇ ಒಂದು ಪಿತೂರಿ ಅಂತ ಆಗಿಬಿಟ್ಟರೆ ನಾಳೆ ಯಾರು ಮುಂದೆ ಬರುತ್ತಾರೆ? ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು 1921ರಲ್ಲಿ ದಿಲ್ಲಿಯ ಶಾಸನಸಭೆಯಲ್ಲಿ ಈ ಮಾತು ಎತ್ತಿದರು. ಐದು ವರ್ಷ ಎಳೆದಾಡಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ನೋಂದಾಯಿತ ಯೂನಿಯನ್‌ನ ಸದಸ್ಯರು ಸಂಘದ ಉದ್ದೇಶಕ್ಕಾಗಿ ಮಾಡಿಕೊಂಡ ಒಪ್ಪಂದ ಕ್ರಿಮಿನಲ್ ಪಿತೂರಿ ಅಲ್ಲ, ಮುಷ್ಕರಕ್ಕೆ ಪ್ರಚೋದಿಸಿದರು ಅನ್ನೋ ಒಂದೇ ಕಾರಣಕ್ಕೆ ಸಿವಿಲ್ ದಾವೆ ನಿಲ್ಲಲ್ಲ, ವ್ಯಾಪಾರಕ್ಕೆ ಅಡ್ಡಿ ಅಂತ ಹೇಳಿ ಅವರ ಒಪ್ಪಂದ ರದ್ದಾಗಲ್ಲ ಅಂತ ಅದರ 17, 18, 19ನೇ ಸೆಕ್ಷನ್‌ಗಳು ಹೇಳಿದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ರಕ್ಷಣೆಗಳು ಅಲ್ಲೂ ಇವೆ.

ನಿಮ್ಮ ಎಚ್‌ಆರ್ ಸಾಹೇಬರು ಹೆದರಿಸುವುದಾದರೆ ಕಾರ್ಟೆಲ್ ಬಿಟ್ಟು ನೋಟಿಸಿನ ವಿಷಯ ಎತ್ತಬೇಕಿತ್ತು. ಹೊಸ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಲೇಬೇಕು. ಅದನ್ನು ಮರೆಯಬೇಡಿ.

ಪ್ರಶ್ನೆ: ಪರೀಕ್ಷೆಗೆ ಓದುತ್ತಿದ್ದೇನೆ. ‘ಮನುಷ್ಯನ ದುಡಿಮೆ ಸರಕಲ್ಲ’ ಅಂತ ಅಮೆರಿಕದ ಕಾನೂನಿನಲ್ಲಿ ಬರೆದಿದೆಯಂತೆ. ಅದನ್ನು ಯಾಕೆ ಬರೆಯಬೇಕಾಯಿತು? ಅಷ್ಟು ಗೊತ್ತಿರಲಿಲ್ಲವಾ ಅವರಿಗೆ? — ಧಾರವಾಡ

ಉತ್ತರ: ಗೊತ್ತಿರಲಿಲ್ಲ ಅಂತಲೇ ಅನ್ನಿ. ಅಥವಾ ಗೊತ್ತಿದ್ದೂ ಮರೆತರು. ಇದು ನನಗೆ ತುಂಬ ಇಷ್ಟದ ಕಥೆ, ಸ್ವಲ್ಪ ಉದ್ದ ಆಗುತ್ತೆ.

ಒಳಒಪ್ಪಂದ ಮಾಡಿಕೊಂಡು ಪೈಪೋಟಿ ಅಳಿಸುವುದನ್ನು ತಡೆಯೋಕೆ 1890ರಲ್ಲಿ ಅಮೆರಿಕ ಶರ್ಮನ್ ಕಾಯ್ದೆ ಮಾಡಿತು. ಗುರಿ ಇದ್ದಿದ್ದು ಎಣ್ಣೆ, ಸಕ್ಕರೆ, ರೈಲಿನ ದೊಡ್ಡ ದೊಡ್ಡ ಟ್ರಸ್ಟುಗಳ ಮೇಲೆ, ಅಂದರೆ ಕಂಪನಿಗಳು ಒಂದಾಗಿ ಕಟ್ಟಿಕೊಂಡ ಕೂಟಗಳ ಮೇಲೆ. ಐದು ವರ್ಷ ಆಗುವಷ್ಟರಲ್ಲಿ ಏನಾಯಿತು ನೋಡಿ. 1895ರಲ್ಲಿ ಸಕ್ಕರೆ ಟ್ರಸ್ಟಿನ ಕೇಸು ಸುಪ್ರೀಂ ಕೋರ್ಟಿಗೆ ಬಂತು. ದೇಶದ ಸಕ್ಕರೆ ಶುದ್ಧೀಕರಣದ ಬಹುತೇಕ ಪೂರ್ತಿ ಒಂದೇ ಕಂಪನಿಯ ಕೈಯಲ್ಲಿತ್ತು. ಆದರೂ ಕೋರ್ಟು, ‘ತಯಾರಿಕೆ ಬೇರೆ, ವ್ಯಾಪಾರ ಬೇರೆ’ ಅಂತ ಹೇಳಿ ಬಿಟ್ಟುಬಿಟ್ಟಿತು. ಅದೇ ವರ್ಷ ಅದೇ ಕೋರ್ಟು ರೈಲ್ವೆ ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ ಅವರ ಆರು ತಿಂಗಳ ಜೈಲನ್ನು ಎತ್ತಿಹಿಡಿಯಿತು. ಪುಲ್‌ಮನ್ ಅನ್ನೋ ರೈಲು ಬೋಗಿ ಕಂಪನಿಯ ವಿರುದ್ಧದ ಮುಷ್ಕರ ನಿಲ್ಲಿಸಿ ಅಂತ ಕೊಟ್ಟ ಆದೇಶವನ್ನು ಅವರು ಮೀರಿದ್ದರು. ಆ ಆದೇಶಕ್ಕೆ ಕೆಳಗಿನ ಕೋರ್ಟು ಆಧಾರ ಮಾಡಿಕೊಂಡಿದ್ದು ಶರ್ಮನ್ ಕಾಯ್ದೆಯನ್ನೇ. ಹುಲಿಗೆ ಇಟ್ಟ ಬೋನಿಗೆ ದನ ಬಿದ್ದ ಹಾಗೆ.

ಆಮೇಲೆ ಟೋಪಿಯವರ ಕೇಸು. ಕನೆಕ್ಟಿಕಟ್ ರಾಜ್ಯದ ಡಾನ್‌ಬರಿ ಅನ್ನೋ ಊರು ಟೋಪಿಗೆ ಹೆಸರುವಾಸಿ. ತುಪ್ಪಳವನ್ನು ಹದ ಮಾಡೋಕೆ ಪಾದರಸ ಬಳಸುತ್ತಿದ್ದರು. ವರ್ಷಗಟ್ಟಲೆ ಅದರ ಹಬೆ ಕುಡಿದವರ ಕೈ ನಡುಗುತ್ತಿತ್ತು, ಎಷ್ಟರ ಮಟ್ಟಿಗೆ ಅಂದರೆ ಆ ನಡುಕಕ್ಕೇ ಊರಿನ ಹೆಸರು ಬಿದ್ದಿತ್ತು. ಅಲ್ಲಿ ಲೋವೆ ಅನ್ನುವ ಮಾಲೀಕ ಯೂನಿಯನ್ ಒಪ್ಪಲಿಲ್ಲ. 1902ರಲ್ಲಿ ಮುಷ್ಕರ ಆಯಿತು. ಯೂನಿಯನ್‌ನವರು ದೇಶದ ತುಂಬ ‘ಈತನ ಟೋಪಿ ಕೊಳ್ಳಬೇಡಿ, ಈತನ ಟೋಪಿ ಮಾರುವ ಅಂಗಡಿಗೂ ಹೋಗಬೇಡಿ’ ಅಂತ ಸಾರಿದರು. ಲೋವೆ ಕೋರ್ಟಿಗೆ ಹೋದ. 1908ರಲ್ಲಿ ಸುಪ್ರೀಂ ಕೋರ್ಟು, ಒಂದು ಭಿನ್ನಮತವೂ ಇಲ್ಲದೆ, ಶರ್ಮನ್ ಕಾಯ್ದೆ ಯೂನಿಯನ್‌ಗೂ ಅನ್ವಯಿಸುತ್ತೆ ಅಂದಿತು. ಆ ಕಾಯ್ದೆಯಲ್ಲಿ ನಷ್ಟದ ಮೂರು ಪಟ್ಟು ಪರಿಹಾರ ಕೊಡಬೇಕು. ಕೊನೆಗೆ 1915ರಲ್ಲಿ ನಿಂತ ಮೊತ್ತ ಸುಮಾರು 2 ಲಕ್ಷ 52 ಸಾವಿರ ಡಾಲರ್. ಯಾರು ಕೊಡಬೇಕು? ಯೂನಿಯನ್ ಮಾತ್ರ ಅಲ್ಲ, ಒಬ್ಬೊಬ್ಬ ಸದಸ್ಯನೂ. ನೂರಕ್ಕೂ ಹೆಚ್ಚು ಟೋಪಿ ಕೆಲಸಗಾರರ ಮನೆ, ಬ್ಯಾಂಕಿನ ಪುಡಿಗಾಸು ಜಪ್ತಿಗೆ ಬಂತು. ಅದರಲ್ಲಿ ಎಷ್ಟೋ ಜನ ಚಂದಾ ಕಟ್ಟಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಕೈ ನಡುಗುವ ಮುದುಕ, ತಲೆಯ ಮೇಲಿನ ಸೂರಿಗೆ ಜಪ್ತಿ ನೋಟಿಸು. ಉಳಿದ ಯೂನಿಯನ್‌ಗಳ ಸದಸ್ಯರು ಚಂದಾ ಎತ್ತಿ ಆ ಮನೆಗಳನ್ನು ಉಳಿಸಬೇಕಾಯಿತು.

ಈ ಗಲಾಟೆಯ ನಡುವೆ ಬಂದಿದ್ದು 1914ರ ಕ್ಲೇಟನ್ ಕಾಯ್ದೆ. ನೀವು ಓದಿದ ವಾಕ್ಯ ಅದರ 6ನೇ ಸೆಕ್ಷನ್‌ನದು. ದುಡಿಮೆ ಸರಕಲ್ಲ ಅಂದಮೇಲೆ ಯೂನಿಯನ್ ಶರ್ಮನ್ ಕಾಯ್ದೆಗೆ ಸಿಗಲ್ಲ ಅಂತ ಕಾರ್ಮಿಕ ನಾಯಕರು ಕುಣಿದಾಡಿದರು. ಜಾಸ್ತಿ ದಿನ ಅಲ್ಲ. 1921ರಲ್ಲಿ ಪ್ರಿಂಟಿಂಗ್ ಮೆಷಿನ್ ತಯಾರಿಸುವ ಕಂಪನಿಯೊಂದರ ಕೇಸಿನಲ್ಲಿ ಕೋರ್ಟು, ‘ನಿಮ್ಮ ಮಾಲೀಕನ ಜೊತೆ ಜಗಳ ಆಡಿ, ಅವನ ಗಿರಾಕಿಗಳನ್ನು ತಡೆದರೆ ರಕ್ಷಣೆ ಇಲ್ಲ’ ಅಂತ ಆ ಸೆಕ್ಷನ್‌ನ ಹಲ್ಲು ಕಿತ್ತಿತು. 1932ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿ, ಕಾರ್ಮಿಕ ಜಗಳದಲ್ಲಿ ತಡೆಯಾಜ್ಞೆ ಕೊಡುವ ಅಧಿಕಾರವನ್ನೇ ಕೋರ್ಟುಗಳಿಂದ ಬಹುಪಾಲು ಕಿತ್ತುಕೊಂಡಿತು.

ಪರೀಕ್ಷೆಗೆ ನೆನಪಿಡಬೇಕಾದದ್ದು 1941ರ ಹಚಿಸನ್ ತೀರ್ಪು. ಸೇಂಟ್ ಲೂಯಿಸ್‌ನ ಬಿಯರ್ ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವ ಕೆಲಸ ಯಾರದ್ದು ಅಂತ ಬಡಗಿಗಳಿಗೂ ಮೆಕ್ಯಾನಿಕ್‌ಗಳಿಗೂ ಜಗಳ. ಬಡಗಿಗಳು ‘ಆ ಬಿಯರ್ ಕುಡಿಯಬೇಡಿ’ ಅಂದರು. ಸರ್ಕಾರ ಕೇಸ್ ಹಾಕಿತು, ಸೋತಿತು. ಯೂನಿಯನ್ ತನ್ನ ಹಿತಕ್ಕಾಗಿ ದುಡಿಯುತ್ತಿರುವವರೆಗೆ, ಕಾರ್ಮಿಕರಲ್ಲದವರ ಜೊತೆ ಕೈ ಜೋಡಿಸದೆ ಇರುವವರೆಗೆ, ಶರ್ಮನ್ ಕಾಯ್ದೆ ಅದನ್ನು ಮುಟ್ಟಲ್ಲ ಅಂತ ಕೋರ್ಟು ಹೇಳಿತು. ಎರಡು ಷರತ್ತು, ಗಮನಿಸಿ.

ಎರಡನೇ ಷರತ್ತು ಸುಮ್ನೆ ಅಲ್ಲ ಅಂತ ನಾಲ್ಕೇ ವರ್ಷಕ್ಕೆ ಗೊತ್ತಾಯಿತು. ನ್ಯೂಯಾರ್ಕಿನ ಎಲೆಕ್ಟ್ರಿಷಿಯನ್‌ಗಳ ಯೂನಿಯನ್, ಸ್ಥಳೀಯ ತಯಾರಕರು, ಗುತ್ತಿಗೆದಾರರು ಮೂವರೂ ಸೇರಿ ಹೊರಗಿನ ಸ್ವಿಚ್‌ಬೋರ್ಡು ಊರೊಳಗೆ ಬರದ ಹಾಗೆ ಮಾಡಿದ್ದರು. ಸಂಬಳ ಏರಿತು, ಸಾಮಾನಿನ ಬೆಲೆಯೂ ಏರಿತು. ಒಂದೇ ಸಾಮಾನು ನ್ಯೂಯಾರ್ಕಿನಲ್ಲಿ ಒಂದು ಬೆಲೆ, ಹೊರಗೆ ಅದಕ್ಕಿಂತ ಎಷ್ಟೋ ಕಡಿಮೆ. 1945ರಲ್ಲಿ ಕೋರ್ಟು ಇದಕ್ಕೆ ಬೇಲಿ ಹಾಕಿತು. ಯೂನಿಯನ್ ಒಂಟಿಯಾಗಿ ಏನು ಬೇಕಾದರೂ ಕೇಳಲಿ, ಮಾಲೀಕರ ಕಾರ್ಟೆಲ್‌ಗೆ ಕಾವಲುಗಾರ ಆಗಬಾರದು.

ಪ್ರಶ್ನೆ: ನಮ್ಮ ಊರಿನ ಸೆಲೂನ್ ಮಾಲೀಕರ ಸಂಘದಿಂದ ಎಲ್ಲ ಅಂಗಡಿಗೂ ಒಂದೇ ರೇಟ್ ಬೋರ್ಡ್ ಹಾಕಿಸಿದ್ದೇವೆ. ಕಟಿಂಗ್ 120, ಶೇವಿಂಗ್ 70. ಮಂಗಳವಾರ ರಜೆ. ಈಗ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಹುಡುಗ ಎಸಿ ಅಂಗಡಿ ಹಾಕಿ ಕಟಿಂಗ್ 80ಕ್ಕೆ ಮಾಡುತ್ತಿದ್ದಾನೆ, ಮಂಗಳವಾರವೂ ತೆಗೆಯುತ್ತಾನೆ. ಸಂಘದಿಂದ ದಂಡ ಹಾಕಬಹುದಾ? ನಾವು ದುಡಿದು ತಿನ್ನುವವರೇ, ದೊಡ್ಡ ಕಂಪನಿ ಅಲ್ಲ. — ಹಾಸನ ಜಿಲ್ಲೆ

ಉತ್ತರ: ನಿಮ್ಮ ಕಷ್ಟ ಅರ್ಥ ಆಗುತ್ತೆ. ನಾನು ಹೋಗುವ ಅಂಗಡಿಯಲ್ಲೂ ಕನ್ನಡಿ ಪಕ್ಕ ಅಂಥದ್ದೇ ಬೋರ್ಡು ಇದೆ. ಲ್ಯಾಮಿನೇಷನ್ ಮಾಡಿಸಿ, ಕೆಳಗೆ ‘ಅಧ್ಯಕ್ಷರು, ಕಾರ್ಯದರ್ಶಿಗಳು’ ಅಂತ ಹಾಕಿ, ರೇಟು ಏರಿದಾಗೆಲ್ಲ ಹಳೆ ಅಂಕಿಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಈಗ ಆ ಜಾಗ ಉಬ್ಬಿಕೊಂಡಿದೆ. ಮುದ್ದಾಗಿ ಕಾಣುತ್ತೆ. ಕಾನೂನಿನ ಕಣ್ಣಿಗೆ ಮಾತ್ರ ಅದು ಸಿಮೆಂಟ್ ಕಂಪನಿಯವರು ಮಾಡಿದರು ಅನ್ನೋ ಕೆಲಸದ ಚಿಕ್ಕ ತಮ್ಮ.

ಕಾರಣ ಇಷ್ಟೇ. ನೀವು ಅಂಗಡಿ ಮಾಲೀಕರು. ಕುರ್ಚಿ ನಿಮ್ಮದು, ಗಿರಾಕಿ ನಿಮ್ಮವನು, ಪಕ್ಕದ ಅಂಗಡಿಯವರು ನಿಮ್ಮ ಪೈಪೋಟಿದಾರರು. ಪೈಪೋಟಿದಾರರು ಕೂತು ಬೆಲೆ ಕಟ್ಟಿದರೆ ಅದರಿಂದ ಮಾರುಕಟ್ಟೆಗೆ ಕೆಟ್ಟದಾಗಿದೆ ಅಂತಲೇ 3ನೇ ಸೆಕ್ಷನ್ ಊಹಿಸಿಕೊಳ್ಳುತ್ತೆ. ಹಾಗಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ದುಡಿದು ತಿನ್ನುವವರು ಅನ್ನೋ ವಾದ ನಿಲ್ಲುತ್ತಾ? ಅಮೆರಿಕದಲ್ಲಿ ಕೊಲಂಬಿಯಾ ನದಿಯ ಮೀನುಗಾರರು ಇದೇ ವಾದ ಮಾಡಿದ್ದರು. ಅವರ ಸಂಘಕ್ಕೆ ಯೂನಿಯನ್ ಅಂತಲೇ ಹೆಸರು. ದೋಣಿ ಅವರದ್ದೇ, ಬಲೆ ಎಳೆಯುವವರೂ ಅವರೇ. ನಮ್ಮ ಸದಸ್ಯರ ಮೀನನ್ನೇ ಕೊಳ್ಳಬೇಕು ಅಂತ ಕಾರ್ಖಾನೆಗಳಿಗೆ ಕಟ್ಟುಪಾಡು ಹಾಕಿದರು. 1942ರಲ್ಲಿ ಸುಪ್ರೀಂ ಕೋರ್ಟು ನೋಡಿದ್ದು ಇವರು ಮಾರುತ್ತಿರುವುದು ದುಡಿಮೆಯನ್ನೋ ಮೀನನ್ನೋ ಅಂತ. ಮೀನು. ರಕ್ಷಣೆ ಸಿಗಲಿಲ್ಲ.

‘ಹಾಗಾದರೆ ನಾವೂ ಟ್ರೇಡ್ ಯೂನಿಯನ್ ಅಂತ ರಿಜಿಸ್ಟರ್ ಮಾಡಿಸುತ್ತೇವೆ’ ಅಂತ ನಿಮ್ಮ ಕಾರ್ಯದರ್ಶಿಗಳು ಹೇಳಬಹುದು. ನಮ್ಮ 1926ರ ಕಾಯ್ದೆಯಲ್ಲಿ ಮಾಲೀಕರ ಕೂಟವನ್ನೂ ಹಾಗೆ ನೋಂದಾಯಿಸಲು ಜಾಗ ಇತ್ತು. ಆದರೆ ಹೆಸರಿನ ಬೋರ್ಡು ಬದಲಾಯಿಸಿದರೆ ರೇಟಿನ ಬೋರ್ಡು ಶುದ್ಧ ಆಗಲ್ಲ. ಹಾಗೇನಾದರೂ ಯೂನಿಯನ್ ಆಗುವುದಾದರೆ ನಿಮ್ಮ ಅಂಗಡಿಯಲ್ಲಿ ದಿನದ ಲೆಕ್ಕಕ್ಕೋ ಅರ್ಧ ಪಾಲಿಗೋ ಕತ್ತರಿ ಹಿಡಿಯುವ ಹುಡುಗರು ಆಗಬಹುದು. ಆಗ ಅವರ ಎದುರು ಕೂರಬೇಕಾದವರು ನೀವು!

ಮಂಗಳವಾರದ ವಿಷಯ ಸ್ವಲ್ಪ ಬೇರೆ. ಶಿಕಾಗೋದಲ್ಲಿ ಮಾಂಸ ಕತ್ತರಿಸುವವರ ಯೂನಿಯನ್, ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ಮಾಂಸ ಮಾರಬೇಕು ಅಂತ ಅಂಗಡಿಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಜ್ಯೂವೆಲ್ ಟೀ ಅನ್ನೋ ಅಂಗಡಿ ಸರಣಿ ಇದು ಕಾರ್ಟೆಲ್ ಅಂತ ಕೋರ್ಟಿಗೆ ಹೋಯಿತು. 1965ರಲ್ಲಿ ಸೋತಿತು. ಎಷ್ಟು ಹೊತ್ತಿಗೆ ಮಾರುತ್ತೀರಿ ಅನ್ನೋದು ಕೆಲಸಗಾರ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾನೆ ಅನ್ನೋದಕ್ಕೆ ಅಂಟಿಕೊಂಡೇ ಇದೆ ಅಂತ ಕೋರ್ಟಿಗೆ ಅನ್ನಿಸಿತು. ನಿಮ್ಮಲ್ಲೂ ವಾರದ ರಜೆ ಕೆಲಸದ ಹುಡುಗರಿಗೆ ಕಾನೂನಿನಂತೆ ಸಿಗಲೇಬೇಕು. ಮಂಗಳವಾರವೇ ರಜೆ ಅನ್ನೋದು ಊರಿನ ರೂಢಿ, ಪಾಲಿಸುವವರು ಪಾಲಿಸಲಿ. ಪಾಲಿಸದವನಿಗೆ ಮಾಲೀಕರ ಸಂಘ ದಂಡ ಹಾಕೋಕೆ ಹೋಗಬೇಡಿ. ರೇಟಿನ ವಿಷಯದಲ್ಲಂತೂ ಬೇಡವೇ ಬೇಡ. ಆ ಹುಡುಗ ಒಂದು ದೂರು ಬರೆದು ಬೋರ್ಡಿನ ಫೋಟೊ ಲಗತ್ತಿಸಿದರೆ ಸಾಕು, ಸಾಕ್ಷಿಯನ್ನು ನೀವೇ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೀರಿ.

ಪ್ರಶ್ನೆ: ಡಬ್ಬಿಂಗ್ ಬೇಡ ಅಂದಿದ್ದು ಕನ್ನಡದ ಮೇಲಿನ ಪ್ರೀತಿಗೆ, ನಮ್ಮ ಕಲಾವಿದರ ಅನ್ನಕ್ಕೆ. ಅದಕ್ಕೂ ದಂಡ ಹಾಕಿದರಲ್ಲ, ಇದೆಂಥ ನ್ಯಾಯ? — ತುಮಕೂರು

ಉತ್ತರ: ಪ್ರೀತಿಗೆ ದಂಡ ಹಾಕಲಿಲ್ಲ. ಯಾರೂ ಡಬ್ಬಿಂಗ್ ನೋಡಬೇಡಿ ಅಂತ ನೀವು ಭಾಷಣ ಮಾಡಿ, ಮೆರವಣಿಗೆ ಮಾಡಿ, ಯಾರೂ ಕೇಳಲ್ಲ. 2012ರಲ್ಲಿ ಆಮೀರ್ ಖಾನ್ ಅವರ ಟಿವಿ ಕಾರ್ಯಕ್ರಮ ಎಷ್ಟೋ ಭಾಷೆಯಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ಆಯೋಗಕ್ಕೆ ದೂರು ಕೊಟ್ಟಿತು. ಡಬ್ ಆದದ್ದು ಬರದ ಹಾಗೆ ಸೇರಿಕೊಂಡು ತಡೆದಿದ್ದಕ್ಕೆ 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ಇನ್ನೆರಡು ಸಂಘಗಳಿಗೂ ದಂಡ ಹಾಕಿತು. ಮಂಡಳಿಯ ಪಾಲು 16 ಲಕ್ಷ 82 ಸಾವಿರದಷ್ಟು. ಮಂಡಳಿಯಲ್ಲಿ ಇರುವವರು ನಿರ್ಮಾಪಕರು, ವಿತರಕರು, ಪ್ರದರ್ಶಕರು. ಅಂದರೆ ಅದು ಯೂನಿಯನ್ನೇ ಅಲ್ಲ, ವ್ಯಾಪಾರಿಗಳ ಸಂಘ. ಅಲ್ಲಿ ಕಾರ್ಮಿಕರ ಅನ್ನದ ಮಾತು ಮುಂದೆ ಇತ್ತು, ಹಿಂದೆ ನಿಂತಿದ್ದವರು ಬೇರೆ. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ನಿಜವಾಗಿ ಯೂನಿಯನ್ ಪ್ರಶ್ನೆ ಎದ್ದಿದ್ದು ಬಂಗಾಳದಲ್ಲಿ ಮತ್ತು ಕೇರಳದಲ್ಲಿ. ಹಿಂದಿ ಮಹಾಭಾರತ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿದಾಗ ಕಲಾವಿದರ, ತಂತ್ರಜ್ಞರ ಸಮನ್ವಯ ಸಮಿತಿ ಚಾನೆಲ್‌ಗಳಿಗೆ ಪ್ರಸಾರ ಮಾಡಬೇಡಿ ಅಂತ ಒತ್ತಡ ಹಾಕಿತು. ನಾವು ಯೂನಿಯನ್, ವ್ಯಾಪಾರ ಮಾಡುವವರಲ್ಲ ಅನ್ನೋದು ಅವರ ವಾದ. ಆಯೋಗದ ಆದೇಶದ ಮೇಲಿನ ಮೇಲ್ಮನವಿ ಕೇಳುವ ನ್ಯಾಯಮಂಡಳಿ ಒಪ್ಪಿತ್ತು. ಸುಪ್ರೀಂ ಕೋರ್ಟು 2017ರ ಮಾರ್ಚಿನಲ್ಲಿ ಒಪ್ಪಲಿಲ್ಲ. ನಿರ್ಮಾಪಕರ, ವಿತರಕರ ಸಂಘವೂ ಅದೇ ಒತ್ತಡ ಹಾಕಿತ್ತು. ನ್ಯೂಯಾರ್ಕಿನ ಎಲೆಕ್ಟ್ರಿಷಿಯನ್‌ಗಳು ನೆನಪಾದರಾ? ಕೇರಳದಲ್ಲಿ ನಿರ್ದೇಶಕ ವಿನಯನ್ ಅವರ ಜೊತೆ ಯಾರೂ ಕೆಲಸ ಮಾಡಬೇಡಿ ಅಂತ ಕಲಾವಿದರ ಸಂಘ ‘ಅಮ್ಮ’, ತಂತ್ರಜ್ಞರ ಒಕ್ಕೂಟ ‘ಫೆಫ್ಕಾ’ ಅಘೋಷಿತ ಬಹಿಷ್ಕಾರ ಹಾಕಿವೆ ಅನ್ನೋ ದೂರು. 2017ರಲ್ಲೇ ಆಯೋಗ ಅಮ್ಮನಿಗೆ ಸುಮಾರು 4 ಲಕ್ಷ, ಫೆಫ್ಕಾಗೆ ಸುಮಾರು 85 ಸಾವಿರ ದಂಡ ಹಾಕಿತು. ಪದಾಧಿಕಾರಿಗಳಿಗೂ ಬೇರೆ ಬೇರೆ. ಕಾರ್ಮಿಕ ಸಂಘ ಅಂತ ನೋಂದಣಿ ಆಗಿದ್ದೇವೆ ಅನ್ನೋ ಮಾತು ನಡೆಯಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟೂ ಅವರ ಮೇಲ್ಮನವಿ ತಳ್ಳಿಹಾಕಿತು.

ಇಲ್ಲಿ ನನ್ನದೊಂದು ತಕರಾರು ಇದೆ. 1969ರ ಏಕಸ್ವಾಮ್ಯ ನಿಯಂತ್ರಣದ ಹಳೆ ಕಾಯ್ದೆಯಲ್ಲಿ, ಕೆಲಸಗಾರರು ತಮ್ಮ ರಕ್ಷಣೆಗೆ ಕಟ್ಟಿಕೊಂಡ ಸಂಘಕ್ಕೆ ಇದು ಅನ್ವಯಿಸಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. 2002ರ ಕಾಯ್ದೆ ಬರೆಯುವಾಗ ಆ ಸಾಲು ಬಿಟ್ಟುಹೋಯಿತು. ಹಾಗಾಗಿ ಇವತ್ತು ಪ್ರತಿ ಕೇಸಿನಲ್ಲೂ ‘ನೀವು ವ್ಯಾಪಾರಿಯಾ, ಕೆಲಸಗಾರರಾ’ ಅಂತ ಹೊಸದಾಗಿ ಅಳೆಯಬೇಕು. ವಿನಯನ್ ಅವರ ಕೇಸಿನಲ್ಲಿ ಫಲಿತಾಂಶ ಸರಿ ಅಂತಲೇ ನನಗೆ ಅನ್ನಿಸುತ್ತೆ, ಒಬ್ಬ ಮನುಷ್ಯನ ಹೊಟ್ಟೆಪಾಡನ್ನು ಕತ್ತರಿಸೋದು ಚೌಕಾಸಿ ಅಲ್ಲ. ಆದರೂ ಆ ಒಂದು ಸಾಲು ವಾಪಸ್ ಬರಬೇಕು.

ಪ್ರಶ್ನೆ: ಆ್ಯಪ್ ಕಂಪನಿಗೆ ಕಾರು ಓಡಿಸುತ್ತೇನೆ. ಲೋನ್ ನನ್ನದು, ಡೀಸೆಲ್ ನನ್ನದು, ರೇಟು ಅವರದ್ದು. ನಮ್ಮ ವಾಟ್ಸಾಪ್ ಗ್ರೂಪಲ್ಲಿ 600 ಜನ ಇದ್ದೇವೆ. ಕಿಲೋಮೀಟರಿಗೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಏರ್‌ಪೋರ್ಟ್ ಟ್ರಿಪ್ ತಗೋಬಾರದು ಅಂತ ತೀರ್ಮಾನ ಮಾಡೋಣ ಅಂದರೆ, ಲಾ ಓದುತ್ತಿರುವ ನನ್ನ ಬಾಮೈದ ‘ಭಾವ, ಬರೆದು ಹಾಕಬೇಡಿ, ಅದು ಪ್ರೈಸ್ ಫಿಕ್ಸಿಂಗ್’ ಅಂತಾನೆ. — ಬೆಂಗಳೂರು

ಉತ್ತರ: ಬಾಮೈದ ಚೆನ್ನಾಗಿ ಓದುತ್ತಿದ್ದಾನೆ.

ಇವತ್ತಿನ ಎಲ್ಲ ಪತ್ರಗಳಲ್ಲಿ ಉತ್ತರ ಕೊಡೋಕೆ ಕಷ್ಟ ಆಗಿದ್ದು ಇದೇ. ಗಾರ್ಮೆಂಟ್ಸ್ ಅಕ್ಕನ ಹಾಗೆ ನಿಮಗೂ ಮೇಲಿನವರೇ ಎಲ್ಲ ಹೇಳುತ್ತಾರೆ. ಸೆಲೂನ್ ಮಾಲೀಕರ ಹಾಗೆ ನಿಮ್ಮ ಹೆಸರಲ್ಲೂ ಒಂದು ಬಂಡವಾಳ ಇದೆ. ಕಂಪನಿ ನಿಮ್ಮನ್ನು ‘ಪಾರ್ಟ್‌ನರ್’ ಅನ್ನುತ್ತೆ. ಕೇಳೋಕೆ ಚೆನ್ನಾಗಿದೆ. ಆ ಒಂದು ಪದದಿಂದ ನೀವು ಕೆಲಸಗಾರರ ಪಟ್ಟಿಯಿಂದ ಹೊರಗೆ ಬಿದ್ದಿರಿ. ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕೆಲಸಗಾರ ಅಂದರೆ ಮಾಲೀಕ-ನೌಕರ ಅನ್ನೋ ಹಳೆ ಸಂಬಂಧದ ಹೊರಗಿನವನು ಅಂತಲೇ ಹೇಳುತ್ತೆ.

ಇನ್ನು ರೇಟು. ಆ್ಯಪ್‌ಗಳು ಸಾವಿರಾರು ಡ್ರೈವರುಗಳ ಪರವಾಗಿ ಒಂದೇ ಕಡೆ ಕೂತು ಬೆಲೆ ಕಟ್ಟುತ್ತವೆ, ಇದು ಡ್ರೈವರುಗಳ ಕಾರ್ಟೆಲ್ ನಡೆಸಿದ ಹಾಗೆ ಅಂತ ವಕೀಲರೊಬ್ಬರು ಓಲಾ, ಊಬರ್ ಮೇಲೆ ಆಯೋಗಕ್ಕೆ ದೂರು ಕೊಟ್ಟಿದ್ದರು. 2018ರಲ್ಲಿ ಆಯೋಗ ಒಪ್ಪಲಿಲ್ಲ. ಡ್ರೈವರುಗಳು ತಮ್ಮತಮ್ಮಲ್ಲಿ ಯಾವ ಒಪ್ಪಂದವನ್ನೂ ಮಾಡಿಕೊಂಡಿಲ್ಲವಲ್ಲ, ಪ್ರತಿ ಟ್ರಿಪ್ಪಿನ ಬೆಲೆ ಆ ಹೊತ್ತಿನ ಲೆಕ್ಕ ಅಂತ ಹೇಳಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಈಗ ತಿರುಗಿಸಿ ನೋಡಿ. ನಿಮ್ಮೆಲ್ಲರ ರೇಟನ್ನು ಒಂದು ಕಂಪ್ಯೂಟರ್ ಕಟ್ಟಿದರೆ ಕಾರ್ಟೆಲ್ ಅಲ್ಲ. ಅದೇ ರೇಟನ್ನು 600 ಜನ ಗ್ರೂಪಲ್ಲಿ ಥಂಬ್ಸ್ ಅಪ್ ಒತ್ತಿ ಕಟ್ಟಿದರೆ ಅದು ‘ಒಪ್ಪಂದ’. ಇದು ತಲೆಕೆಳಗು ಅಂತ ನನಗೂ ಅನ್ನಿಸುತ್ತೆ. ಆದರೆ ನೀವು ಕೇಳಿದ್ದು ನನಗೆ ಏನನ್ನಿಸುತ್ತೆ ಅಂತ ಅಲ್ಲ.

ಬಡವರು ಅಂತ ವಿನಾಯಿತಿ ಸಿಗುತ್ತಾ? 1983ರಲ್ಲಿ ವಾಷಿಂಗ್ಟನ್‌ನಲ್ಲಿ, ಬಡ ಆರೋಪಿಗಳ ಪರ ಸರ್ಕಾರದ ದುಡ್ಡಲ್ಲಿ ವಾದ ಮಾಡುವ ವಕೀಲರು ಫೀಸು ಏರಿಸುವವರೆಗೆ ಹೊಸ ಕೇಸ್ ಮುಟ್ಟಲ್ಲ ಅಂತ ಕೂತರು. ಕೋರ್ಟಲ್ಲಿ ನಿಂತರೆ ಗಂಟೆಗೆ 30 ಡಾಲರ್, ಹೊರಗಿನ ಕೆಲಸಕ್ಕೆ 20. ಊರಿನವರಿಗೆಲ್ಲ ಅವರ ಮೇಲೆ ಕನಿಕರ, ಫೀಸೂ ಏರಿತು. 1990ರಲ್ಲಿ ಸುಪ್ರೀಂ ಕೋರ್ಟು ಇದು ಬೆಲೆ ಕಟ್ಟುವ ಒಳಒಪ್ಪಂದವೇ ಅಂದಿತು. ಅವರು ಸ್ವತಂತ್ರ ವೃತ್ತಿಯವರು, ನೌಕರರಲ್ಲ. ಸಿಯಾಟಲ್ ನಗರಸಭೆ 2015ರಲ್ಲಿ ಆ್ಯಪ್ ಡ್ರೈವರುಗಳಿಗೆ ಯೂನಿಯನ್ ಮೂಲಕ ಚೌಕಾಸಿ ಮಾಡುವ ಹಕ್ಕು ಕೊಟ್ಟಾಗಲೂ ಇದೇ ತೊಡಕು ಎದ್ದು, 2018ರಲ್ಲಿ ಮೇಲ್ಮನವಿ ಕೋರ್ಟು ಅದಕ್ಕೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಇಲ್ಲ ಅಂದಿತು. ಗಾಳಿ ಈಗ ಸ್ವಲ್ಪ ತಿರುಗುತ್ತಿದೆ. ಮ್ಯಾಸಚೂಸೆಟ್ಸ್‌ನಲ್ಲಿ 2024ರಲ್ಲಿ ಜನರೇ ಮತ ಹಾಕಿ ಡ್ರೈವರುಗಳಿಗೆ ಈ ಹಕ್ಕು ಕೊಟ್ಟರು. ಅಲ್ಲಿ ರಾಜ್ಯ ಸರ್ಕಾರವೇ ಮೇಲ್ವಿಚಾರಣೆ ಮಾಡುವುದರಿಂದ ರಕ್ಷಣೆ ಸಿಗುತ್ತೆ ಅನ್ನೋದು ಲೆಕ್ಕ. ಯುರೋಪಿನ ಆಯೋಗ 2022ರಲ್ಲಿ, ಒಂಟಿಯಾಗಿ ದುಡಿಯುವ ಸ್ವಂತ ಉದ್ಯೋಗಿಗಳು ಕೆಲಸಗಾರರಂತೆಯೇ ಇದ್ದರೆ ಅವರ ಸಾಮೂಹಿಕ ಚೌಕಾಸಿಯನ್ನು ಕಾರ್ಟೆಲ್ ಅನ್ನಲ್ಲ ಅಂತ ಮಾರ್ಗಸೂಚಿ ಹೊರಡಿಸಿತು.

ನಮ್ಮಲ್ಲಿ ಅಂಥದ್ದು ಇನ್ನೂ ಇಲ್ಲ. ಹಾಗಾದರೆ ಏನು ಮಾಡೋದು? ನಿಮ್ಮ ದಾರಿ ಏರ್‌ಪೋರ್ಟ್ ರಸ್ತೆಗಿಂತ ವಿಧಾನಸೌಧದ ಕಡೆ ಇದೆ. ಬೆಲೆಯನ್ನು ನೀವು ಕಟ್ಟಬೇಡಿ, ಸರ್ಕಾರ ಕಟ್ಟಲಿ ಅಂತ ಕೇಳಿ. ಆಟೋದವರನ್ನು ನೋಡಿ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಎಲ್ಲರದ್ದೂ ಒಂದೇ ರೇಟು, ಯಾರೂ ಕಾರ್ಟೆಲ್ ಅನ್ನಲ್ಲ, ಯಾಕೆಂದರೆ ಕಟ್ಟಿದ್ದು ಸಾರಿಗೆ ಪ್ರಾಧಿಕಾರ. ಟ್ಯಾಕ್ಸಿಗಳಿಗೂ 2024ರ ಶುರುವಿನಲ್ಲಿ ರಾಜ್ಯ ಸರ್ಕಾರ ಒಂದೇ ದರ ನಿಗದಿ ಮಾಡಿದೆ. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. ಆ್ಯಪ್ ಅದಕ್ಕಿಂತ ಕಡಿಮೆ ಕೊಡುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದು 600 ಜನವೂ ಸಾರಿಗೆ ಇಲಾಖೆಗೆ ಅರ್ಜಿ ಕೊಡಿ, ಧರಣಿ ಕೂರಿ. ಸರ್ಕಾರದ ಮುಂದೆ ಸೇರಿ ಕೇಳುವುದು ಬೆಲೆ ಕಟ್ಟಿದ ಹಾಗಲ್ಲ. 2025ರಲ್ಲಿ ಬಂದ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಆ್ಯಪ್‌ಗಳು ಪಾವತಿಯ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು ಅಂತಿದೆ, ಅದರಲ್ಲಿ ನಿಮ್ಮ ನೋಂದಣಿ ಆಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅದು ರೇಟಿನ ಕಾಯ್ದೆ ಅಲ್ಲ, ಆದರೆ ನೀವು ಕೆಲಸಗಾರರು ಅಂತ ಸರ್ಕಾರದ ಕಾಗದದಲ್ಲಿ ಒಂದು ಗುರುತು.

ಗ್ರೂಪಿನಲ್ಲಿ ಆ ಮೆಸೇಜ್ ಈಗಾಗಲೇ ಹಾಕಿಬಿಟ್ಟಿದ್ದರೆ, ಅದನ್ನು ಅಲ್ಲಿಗೇ ಬಿಡಿ. ಯಾರನ್ನೂ ಟ್ರಿಪ್ಪಿನಿಂದ ಇಳಿಸೋಕೆ, ಗಾಜಿಗೆ ಕೈ ಹಾಕೋಕೆ ಮಾತ್ರ ಹೋಗಬೇಡಿ. ಅಲ್ಲಿಗೆ ಬರೋದು ಸ್ಪರ್ಧಾ ಆಯೋಗ ಅಲ್ಲ, ಪೊಲೀಸರು.

ಪ್ರಶ್ನೆ: ನನ್ನ ಮಗ 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಕಂಪನಿಯಲ್ಲಿದ್ದ. ಬೇರೆ ಕಡೆ ಹೋಗಬೇಕು ಅಂತ ಆಸೆ, ಆದರೆ ಯಾರೂ ಕರೆಯುತ್ತಿರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದ. ಕಂಪನಿಗಳೇ ಮಾತಾಡಿಕೊಂಡಿದ್ದವು ಅಂತ ಈಗ ಹೇಳುತ್ತಾನೆ. ಕೆಲಸಗಾರರು ಸೇರಿದರೆ ಇಷ್ಟೆಲ್ಲ ಕಾನೂನು, ಮಾಲೀಕರು ಸೇರಿದರೆ? — ಮೈಸೂರು

ಉತ್ತರ: ಒಳ್ಳೆ ಪ್ರಶ್ನೆ ಅಮ್ಮ. ಮಾಲೀಕರು ಸೇರಿ ಸಂಬಳ ತುಳಿದರೆ ಅದೂ ಕಾರ್ಟೆಲ್ಲೇ.

ಆ ಕಾಲದಲ್ಲಿ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ಮುಂತಾದ ಕಂಪನಿಗಳ ದೊಡ್ಡವರು ‘ನಿಮ್ಮ ಎಂಜಿನಿಯರಿಗೆ ನಾವಾಗಿ ಫೋನ್ ಮಾಡಲ್ಲ, ನಮ್ಮವರಿಗೆ ನೀವು ಮಾಡಬೇಡಿ’ ಅಂತ ಮಾತಾಡಿಕೊಂಡಿದ್ದರು ಅನ್ನೋದು ಕೇಸು. 2007ರಲ್ಲಿ ಗೂಗಲ್‌ನ ನೇಮಕಾತಿಯವರೊಬ್ಬರು ಆ್ಯಪಲ್‌ನ ಎಂಜಿನಿಯರಿಗೆ ಮೇಲ್ ಹಾಕಿಬಿಟ್ಟರು. ಸ್ಟೀವ್ ಜಾಬ್ಸ್ ಗೂಗಲ್‌ಗೆ ದೂರು ಬರೆದರು. ಆ ವ್ಯಕ್ತಿಯ ಕೆಲಸ ಹೋಯಿತು. ಹೋಯಿತು ಅನ್ನೋ ಸುದ್ದಿ ಬಂದಾಗ ಜಾಬ್ಸ್ ಅದರ ಮೇಲೆ ಒಂದು ನಗುಮುಖದ ಗುರುತು ಹಾಕಿ ತಮ್ಮವರಿಗೆ ಕಳಿಸಿದರು. ಕೋರ್ಟಿನ ಕಡತದಲ್ಲಿ ಆ ನಗುಮುಖ ಹಾಗೇ ಇದೆ.

2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೇಸ್ ಹಾಕಿ ಇದನ್ನು ನಿಲ್ಲಿಸಿತು. ಆಮೇಲೆ ಸುಮಾರು 64 ಸಾವಿರ ಉದ್ಯೋಗಿಗಳ ಪರವಾಗಿ ಪರಿಹಾರದ ದಾವೆ ನಡೆಯಿತು. 2014ರಲ್ಲಿ ಕಂಪನಿಗಳು 32 ಕೋಟಿ 45 ಲಕ್ಷ ಡಾಲರಿಗೆ ಮುಗಿಸೋಣ ಅಂದಾಗ ನ್ಯಾಯಾಧೀಶೆ ಲೂಸಿ ಕೋ ಸಾಲದು ಅಂತ ವಾಪಸ್ ಕಳಿಸಿದರು. 2015ರಲ್ಲಿ 41 ಕೋಟಿ 50 ಲಕ್ಷ ಡಾಲರಿಗೆ ಮುಗಿಯಿತು. ವಕೀಲರ ಫೀಸು ಕಳೆದು ತಲೆಗೆ ಕೆಲವು ಸಾವಿರ ಡಾಲರ್ ಬರುವ ಲೆಕ್ಕ.

ನಿಮ್ಮ ಮಗ ಆ ಕಂಪನಿಗಳಲ್ಲೇ ತಾಂತ್ರಿಕ ಕೆಲಸದಲ್ಲಿ ಇದ್ದಿದ್ದರೆ ಅವನಿಗೂ ಒಂದು ಚೆಕ್ ಬಂದಿರುವ ಸಾಧ್ಯತೆ ಇದೆ. ಮುಂದಿನ ವಿಡಿಯೊ ಕಾಲ್‌ನಲ್ಲಿ ಕೇಳಿ ನೋಡಿ. ಸೊಸೆ ಪಕ್ಕದಲ್ಲಿದ್ದಾಗ ಬೇಡ.